ಕ್ಯಾಲೆಂಡರ್ ಮನುಷ್ಯನ ಹಿಮ್ಮಡಿ

"ದಿನಕ್ಕೆ ಎಷ್ಟು ನಡೀತೀರಾ?" ಸಯಾಮ ಥಿರಿ ಕೇಳಿದರು.

"ನಡೆಯೋದಾ? ಎಲ್ಲಿಗೆ?" ಅಂದರು ಅಪ್ಪ.

ಸಯಾಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಮನೆಯಿಂದ ತೋಟಕ್ಕೆ?"

"ತೋಟ ನೀರಿನ ಮೇಲಿದೆ."

"ಅಂಗಡಿಗೆ?"

"ಅಂಗಡಿ ದೋಣೀಲಿ ಬರುತ್ತೆ."

"ಪಕ್ಕದ ಮನೆಗೆ?"

"ಮಧ್ಯ ನೀರು."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಯಿನ್ ಮೋನ್‌ಗೆ ನಗು ತಡೆಯಲಾಗಲಿಲ್ಲ. ಸಯಾಮ ಥಿರಿ ಮಾಂಡಲೆಯಿಂದ ಪೇಟೆಯ ಕ್ಲಿನಿಕ್ಕಿಗೆ ಹೊಸದಾಗಿ ಬಂದಿದ್ದ ಫಿಸಿಯೋ. ಶಾಲೆಯ ಟೀಚರಮ್ಮನನ್ನು ಕರೆದ ಹಾಗೇ ಅವರನ್ನೂ ಎಲ್ಲರೂ ಸಯಾಮ ಅಂತಲೇ ಕರೆಯುತ್ತಿದ್ದರು. ಕೆರೆಯ ಮೇಲೆ ಮನೆ ಇರುವವರು ಹೇಗೆ ಬದುಕುತ್ತಾರೆ ಅಂತ ಅವರಿಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ.

"ಓಡ್ತೀರಾ? ಫುಟ್‌ಬಾಲ್ ಏನಾದ್ರೂ?"

"ಚೆಂಡು ನೀರಿಗೆ ಬೀಳುತ್ತೆ, ಸಯಾಮ."

"ಹಾಗಾದ್ರೆ ಈ ಕಾಲಿಗೆ ಕೆಲಸಾನೇ ಇಲ್ಲ?"

"ಇಲ್ಲ. ದಿನವೆಲ್ಲ ದೋಣೀಲೇ ಇರ್ತೀನಿ" ಅಂದರು ಅಪ್ಪ.

ಅಪ್ಪ ಕುರ್ಚಿಯಿಂದ ಎದ್ದು ಬೆಂಚಿನ ಮೇಲೆ ಬೋರಲು ಮಲಗಿದರು. ಪಾದಗಳು ಬೆಂಚಿನ ಆಚೆಗೆ ಜೋತು ಬಿದ್ದಿದ್ದವು. ಸಯಾಮ ಎಡಗಾಲಿನ ಹಿಮ್ಮಡಿಯ ಮೇಲ್ಭಾಗವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಒತ್ತಿದರು.

"ಆಯ್!"

"ಇಲ್ಲೇ ಅಲ್ವಾ? ಬಾ ಪುಟ್ಟಿ, ಮುಟ್ಟಿ ನೋಡು."

ಯಿನ್ ಮೋನ್ ಮುಟ್ಟಿದಳು. ಬಲಗಾಲಿನ ಹಿಂದೆ ಹುರಿ ಹಾಕಿದ ಹಾಗೆ ತೆಳ್ಳಗಿದ್ದದ್ದು ಎಡಗಾಲಿನ ಹಿಂದೆ ಹೆಬ್ಬೆರಳಷ್ಟು ದಪ್ಪಗಿತ್ತು.

"ಇದು ಹಗ್ಗ ಇದ್ದ ಹಾಗೆ. ಮೀನಖಂಡವನ್ನ ಹಿಮ್ಮಡಿಗೆ ಕಟ್ಟಿರೋ ಹಗ್ಗ. ಅಪ್ಪಂದು ಎಳೆ ಎಳೆಯಾಗಿ ನಲುಗಿ ಹೋಗಿದೆ."

"ನಮ್ಮ ದೋಣಿ ಹಗ್ಗ ನಲುಗಿದ್ರೆ ಅಪ್ಪ ಬಿಸಾಕಿ ಹೊಸದು ತರ್ತಾರೆ" ಅಂದಳು ಯಿನ್ ಮೋನ್.

ಅಪ್ಪ ಗಾಬರಿಯಿಂದ ತಲೆಯೆತ್ತಿದರು. ಸಯಾಮ ನಕ್ಕರು. "ಬಿಸಾಕೋದು ಬೇಡ. ಈ ಹಗ್ಗಕ್ಕೆ ಜೀವ ಇದೆ. ಜೋರಾಗಿ ಎಳೆದ್ರೆ ಸಿಟ್ಟು ಮಾಡ್ಕೊಳುತ್ತೆ. ಎಳೆಯದೇ ಬಿಟ್ರೆ ಸೊರಗುತ್ತೆ. ದಿನಾ ಮೆಲ್ಲಗೆ, ಅದು ತಾಳೋವಷ್ಟೇ ಎಳೆದ್ರೆ, ತಾನೇ ಹೊಸ ಎಳೆ ಹೊಸೆದುಕೊಳ್ಳುತ್ತೆ."

ಆಮೇಲೆ ಸಯಾಮ ಬಾಗಿಲ ಬಳಿಯ ಮೆಟ್ಟಿಲ ಅಂಚಿನಲ್ಲಿ ನಿಂತು ತೋರಿಸಿದರು. ಬೆರಳುಗಳು ಮಾತ್ರ ಮೆಟ್ಟಿಲ ಮೇಲೆ, ಹಿಮ್ಮಡಿ ಗಾಳಿಯಲ್ಲಿ. ಎರಡೂ ಕಾಲಲ್ಲಿ ತುದಿಗಾಲಿಗೆ ಏರಬೇಕು. ಬಲಗಾಲು ಎತ್ತಬೇಕು. ಎಡ ಹಿಮ್ಮಡಿಯನ್ನು ಮೆಲ್ಲ... ಗೆ ಕೆಳಗೆ ಇಳಿಸಬೇಕು.

"ಆತುರ ಬೇಡ. ಸ್ವಲ್ಪ ನೋವಾದ್ರೆ ಪರವಾಗಿಲ್ಲ. ಮಾರನೇ ದಿನ ಬೆಳಗ್ಗೆ ನೋವು ಹೆಚ್ಚಾಗಿದ್ರೆ ಮಾತ್ರ, ನಾವು ಅತಿ ಮಾಡಿದ್ವಿ ಅಂತ. ಮೂರು ತಿಂಗಳು ಹಿಡಿಯುತ್ತೆ. ಇನ್ನು ನಡಿಗೆ, ಹತ್ತೋದು ಇಳಿಯೋದು ಕಡಿಮೆ ಮಾಡಿ."

"ಇಷ್ಟು ಸುಲಭದ ಪಥ್ಯ ನಾನು ಕೇಳೇ ಇರಲಿಲ್ಲ!" ಅಪ್ಪನಿಗೆ ಖುಷಿಯೋ ಖುಷಿ.

ಅವರಿಬ್ಬರೂ ಮಾತಾಡುತ್ತಿದ್ದಾಗ ಯಿನ್ ಮೋನ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಅದರಲ್ಲಿ ಅವರದೇ ಇನ್ಲೆ ಕೆರೆ. ಸಂಜೆಯ ಕೆಂಪು ನೀರು. ದೋಣಿಯ ತುದಿಯಲ್ಲಿ ಒಬ್ಬ ಮನುಷ್ಯ ಎಡಗಾಲ ಮೇಲೆ ನಿಂತು, ಬಲಗಾಲನ್ನು ಹುಟ್ಟಿಗೆ ಸುತ್ತಿ ದೋಣಿ ನಡೆಸುತ್ತಿದ್ದ.

'ಬೆನ್ನು ಬಗ್ಗಿದೆ. ನಮ್ಮಪ್ಪ ಇದಕ್ಕಿಂತ ಚೆನ್ನಾಗಿ ನಿಲ್ತಾರೆ' ಅಂದುಕೊಂಡಳು.

ಹೊರಡುವಾಗ ಸಯಾಮ ಮೆತ್ತನೆಯ ಎರಡು ರಬ್ಬರ್ ತುಂಡು ಕೊಟ್ಟರು. "ಚಪ್ಪಲಿ ಒಳಗೆ ಹಿಮ್ಮಡಿ ಕೆಳಗೆ ಇಟ್ಕೊಳ್ಳಿ."

ಅಪ್ಪ ತಮ್ಮ ಚಪ್ಪಲಿ ನೋಡಿಕೊಂಡರು. ಪೇಟೆಗೆ ಬಂದಾಗ ಮಾತ್ರ ಹಾಕುವ ಚಪ್ಪಲಿ ಅದು. ಆದರೂ ಮರ್ಯಾದೆಯಿಂದ ಎರಡೂ ಕೈಯಲ್ಲಿ ತೆಗೆದುಕೊಂಡರು.

*

"ಏನಂದ್ರು?" ಅಮ್ಮ ಮಗ್ಗದ ಹಿಂದಿನಿಂದಲೇ ಕೇಳಿದಳು.

"ನಡೀಬೇಡಿ ಅಂದ್ರು."

"ಅಷ್ಟು ಹೇಳೋಕೆ ಪೇಟೆ ಬೇಕಿತ್ತಾ, ಕೋ ನ್ಯೋ? ನಾನೇ ಹೇಳ್ತಿದ್ದೆ!"

ಮಾರನೆಯ ದಿನದಿಂದ ಸಂಜೆ ಹೊತ್ತು ಏಣಿಯ ಮೇಲೆ ಎಕ್ಸರ್‌ಸೈಜ್ ಶುರುವಾಯಿತು. ಅವರ ಮನೆಯ ಏಣಿ ಜಗುಲಿಯಿಂದ ನೇರ ಕೆರೆಗೆ ಇಳಿಯುತ್ತದೆ. ಅಪ್ಪ ನೀರಿಗಿಂತ ಒಂದು ಮೆಟ್ಟಿಲು ಮೇಲೆ ನಿಂತರು. ಹಿಮ್ಮಡಿ ಇಳಿದು ನೀರಿಗೆ ತಾಗಿದರೆ ಸಾಕು, ಮತ್ತೆ ಮೇಲೆ.

ಆದರೆ ಅಪ್ಪನಿಗೆ ಮೆಲ್ಲಗೆ ಅನ್ನುವುದೇ ಬರುತ್ತಿರಲಿಲ್ಲ. ಊರಿನ ರೇಸ್ ದೋಣಿಯಲ್ಲಿ ಹುಟ್ಟು ಹಾಕಿದ ಕಾಲು. ಹೈ, ಹೈ, ಹೈ ಅಂತ ಬಾತುಕೋಳಿ ಓಡಿದ ಹಾಗೆ ಏರಿ ಇಳಿಯುತ್ತಿದ್ದರು.

"ಅಪ್ಪಾ, ಮೆಲ್ಲಗೆ ಅಂದ್ರು ಸಯಾಮ!"

"ಇದು ಮೆಲ್ಲಗೇನೇ."

"ಇಲ್ಲ. ನಾನು ಮಗ್ಗಿ ಹೇಳ್ತೀನಿ. ಒಂದು ಸಾಲು ಮುಗಿಯೋವರೆಗೂ ಇಳೀತಾನೇ ಇರ್ಬೇಕು. ಏ...ಳೊಂದ್ಲಿ... ಏ...ಳು."

ಯಿನ್ ಮೋನ್‌ಗೆ ಏಳರ ಮಗ್ಗಿ ಸರಿಯಾಗಿ ಬರುತ್ತಿರಲಿಲ್ಲ. ಏಳೇಳ್ಲಿ ಬಂದಾಗ ಅವಳು ಯೋಚಿಸುತ್ತಾ ನಿಂತುಬಿಟ್ಟಳು. ಅಪ್ಪ ಒಂಟಿ ಕಾಲಲ್ಲಿ ಅರ್ಧ ಇಳಿದು ನಡುಗುತ್ತಿದ್ದರು.

"ಬೇಗ ಹೇಳೇ, ಮಗಳೇ! ಮೀನು ಕಚ್ತಿದೆ!"

"ಸುಳ್ಳು!"

"ನಿಜವಾಗ್ಲೂ! ಹಿಮ್ಮಡೀಗೇ ಬಾಯಿ ಹಾಕ್ತಿದೆ!"

"ನಲವತ್ತೊಂಬತ್ತು!" ಅಮ್ಮ ಒಳಗಿನಿಂದ ಕೂಗಿದಳು.

ರಬ್ಬರ್ ತುಂಡುಗಳು ಎರಡೇ ದಿನದಲ್ಲಿ ಕಾಣೆಯಾದವು. ಅಲ್ಲಾಡುತ್ತಿದ್ದ ಮಗ್ಗ ಅಂದಿನಿಂದ ಅಲ್ಲಾಡಲಿಲ್ಲ. ಯಾರೂ ಏನೂ ಕೇಳಲಿಲ್ಲ.

ಶಾಲೆಯಲ್ಲಿ ಥೂರನಿಗೆ ಈ ಸುದ್ದಿ ಹೇಗೋ ತಲುಪಿತ್ತು. ಥೂರನ ತಾತ ಊ ಟುನ್ ಊರಿನ ರೇಸ್ ದೋಣಿಯ ಯಜಮಾನ. ಅದಕ್ಕೇ ಥೂರನಿಗೆ ಸ್ವಲ್ಪ ಕೊಬ್ಬು.

"ನಿಮ್ಮಪ್ಪ ಏಣಿ ಮೇಲೆ ಬಾತುಕೋಳಿ ಡ್ಯಾನ್ಸ್ ಮಾಡ್ತಾರಂತೆ?"

"ಅದು ಎಕ್ಸರ್‌ಸೈಜ್. ರೇಸ್ ದಿನ ನೋಡು. ಹಿಂದಿನ ತುದಿಯಲ್ಲಿ ನಮ್ಮಪ್ಪ ನಿಂತ್ರೆ ಯಾವ ದೋಣಿನೂ ನಮ್ಮನ್ನ ದಾಟಲ್ಲ."

ಇದನ್ನು ಅವಳು ಇಡೀ ಕ್ಲಾಸಿಗೇ ಹೇಳಿದ್ದಳು. ರೇಸ್ ದೋಣಿಯ ಹಿಂದಿನ ತುದಿ ಅಂದರೆ ಎಲ್ಲಕ್ಕಿಂತ ಕಷ್ಟದ ಜಾಗ. ದೋಣಿ ತಿರುಗುವುದು ಅಲ್ಲಿಂದಲೇ. ಕಳೆದ ಮೂರು ವರ್ಷ ಅಲ್ಲಿ ನಿಂತದ್ದು ಅಪ್ಪನೇ. ಮಳೆಗಾಲ ಮುಗಿಯುವ ಹೊತ್ತಿಗೆ ರೇಸ್. ಈಗಾಗಲೇ ಪ್ರಾಕ್ಟೀಸ್ ಶುರುವಾಗಿತ್ತು.

*

ಎರಡನೆಯ ಸಲ ಹೋದಾಗ ಸಯಾಮ ಹಿಮ್ಮಡಿ ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು.

"ಎಕ್ಸರ್‌ಸೈಜ್ ಬಿಟ್ಟಿರಾ?"

"ಇವಳನ್ನೇ ಕೇಳಿ."

"ದಿನಾ ಮಾಡಿದ್ದಾರೆ" ಅಂದಳು ಯಿನ್ ಮೋನ್. "ನನಗೆ ಏಳರ ಮಗ್ಗಿ ಪೂರ್ತಿ ಬಂತು."

"ಮತ್ತೆ ಊತ ಯಾಕೆ ಹೆಚ್ಚಾಗಿದೆ? ಬೆಳಗ್ಗೆ ಹೇಗಿರುತ್ತೆ?"

ಯಿನ್ ಮೋನ್‌ಗೆ ಬೆಳಗ್ಗೆ ಹೇಗಿರುತ್ತದೆ ಅಂತ ಗೊತ್ತಿತ್ತು. ಚಾಪೆಯಿಂದ ಎದ್ದು ಮೊದಲ ಹೆಜ್ಜೆ ಇಡುವಾಗ ಅಪ್ಪ ನಡುಮನೆಯ ಕಂಬ ಹಿಡಿದು "ಆಯ್" ಅನ್ನುತ್ತಾರೆ. ಹಾಗೆ ಹಿಡಿದೂ ಹಿಡಿದೂ ಕಂಬದಲ್ಲಿ ಒಂದು ಕಡೆ ನುಣ್ಣಗೆ ಹೊಳಪು ಬಂದಿದೆ. ಆ "ಆಯ್" ಕೇಳಿಯೇ ಅವಳಿಗೆ ಎಚ್ಚರವಾಗುವುದು.

"ನಿಂತ್ಕೊಂಡು ಮಾಡೋ ಕೆಲಸ ಏನಾದ್ರೂ ಇದೆಯಾ? ಯೋಚಿಸಿ ಹೇಳಿ" ಅಂದರು ಸಯಾಮ.

"ಟೊಮೆಟೊ ಕೀಳ್ತೀನಿ. ಅದು ಕೂತ್ಕೊಂಡೇ."

ಯಿನ್ ಮೋನ್ ಸುಮ್ಮನೆ ಕ್ಯಾಲೆಂಡರ್ ಕಡೆ ನೋಡಿದಳು. ಕೆಂಪು ನೀರು. ದೋಣಿ. ಎಡಗಾಲು. ಇವತ್ತು ಅವಳ ಕಣ್ಣು ಆ ಮನುಷ್ಯನ ಬೆನ್ನಿಗೆ ಹೋಗಲಿಲ್ಲ. ಹಿಮ್ಮಡಿಗೆ ಹೋಯಿತು. ಇಡೀ ಮೈಯ ಭಾರ ಆ ಒಂದು ಹಿಮ್ಮಡಿಯ ಮೇಲಿತ್ತು. ಅದರ ಹಿಂದಿನ ಹಗ್ಗ ಬಿಗಿದು ಎದ್ದು ನಿಂತಿತ್ತು. ಸಯಾಮ ಈಗಷ್ಟೇ ಒತ್ತಿದ ಜಾಗ ಅದೇ.

ಹೇಳಬೇಕು ಅಂತ ಬಾಯಿ ತೆರೆದಳು. ಆಗಲೇ ರೇಸ್ ನೆನಪಾಯಿತು. ಹೇಳಿದರೆ ಸಯಾಮ ಬೇಡ ಅನ್ನುತ್ತಾರೆ. ಥೂರ ನಗುತ್ತಾನೆ. ಅಪ್ಪನ ಜಾಗದಲ್ಲಿ ಬೇರೆ ಯಾರೋ ನಿಲ್ಲುತ್ತಾರೆ.

ಅಪ್ಪನೂ ಒಮ್ಮೆ ಗೋಡೆ ಕಡೆ ನೋಡಿ ಬೇಗ ಕಣ್ಣು ತಿರುಗಿಸಿದರು. ಗಡಿಯಾರ ನೋಡಿದರೇನೋ.

ಯಿನ್ ಮೋನ್ ಬಾಯಿ ಮುಚ್ಚಿಕೊಂಡಳು.

*

ಒಮ್ಮೆ ಕಂಡದ್ದು ಮತ್ತೆ ಕಾಣದೆ ಇರುವುದಿಲ್ಲ. ಮಾರನೆಯ ದಿನ ಶಾಲೆಗೆ ಹೋಗುವಾಗ ಅವಳು ದೋಣಿಯಲ್ಲಿ ಹಿಂದಕ್ಕೆ ತಿರುಗಿ ಕೂತಳು. ಅಪ್ಪ ತುದಿಯಲ್ಲಿ ನಿಂತು ಬಲಗಾಲಲ್ಲಿ ಹುಟ್ಟು ತಳ್ಳುತ್ತಿದ್ದರು. ಪ್ರತಿ ಸಲ ತಳ್ಳಿದಾಗಲೂ ಎಡ ಹಿಮ್ಮಡಿ ಏರುತ್ತಿತ್ತು, ಇಳಿಯುತ್ತಿತ್ತು. ಏಣಿಯ ಮೇಲೆ ಮಾಡುವುದನ್ನೇ ಇಲ್ಲಿಯೂ ಮಾಡುತ್ತಿತ್ತು. ಏಣಿಯ ಮೇಲೆ ಮೆಲ್ಲಗೆ, ಸ್ವಲ್ಪ ಹೊತ್ತು. ಇಲ್ಲಿ ಬೇಗ ಬೇಗ, ದಿನವೆಲ್ಲ.

"ಏನು ಹಾಗೆ ನೋಡ್ತಿದ್ದೀಯಾ?" ಅಪ್ಪ ಕೇಳಿದರು.

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಇದೆ ಅಂತ."

"ಅಪ್ಪಾ, ನೀವು ಬಲಗಾಲ ಮೇಲೆ ನಿಂತು ಎಡಗಾಲಲ್ಲಿ ಹುಟ್ಟು ಹಾಕಬಹುದಾ?"

"ಎಡಗೈಯಲ್ಲಿ ಊಟ ಮಾಡ್ತೀಯಾ ಅಂತ ಕೇಳಿದ ಹಾಗಾಯ್ತು! ಕೆರೇಲಿ ಬೀಳ್ತೀನಿ ಅಷ್ಟೇ." ಅಪ್ಪ ಜೋರಾಗಿ ನಕ್ಕರು.

ಯಿನ್ ಮೋನ್ ನಗಲಿಲ್ಲ. 'ರೇಸ್ ಮುಗಿದ ಮೇಲೆ ಹೇಳಿದರಾಯಿತು' ಅಂದುಕೊಂಡಳು. 'ರೇಸ್ ಮುಗಿದ ಮೇಲೆ ಅಪ್ಪ ಎಷ್ಟು ಬೇಕಾದರೂ ಕೂತಿರಲಿ.' ಹಾಗೆ ಅಂದುಕೊಂಡ ಮೇಲೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಕೆಲವು ದಿನ ಕಳೆದವು. ಒಂದು ಬೆಳಗ್ಗೆ "ಆಯ್" ಕೇಳಿಸಲಿಲ್ಲ. ಆದರೂ ಯಿನ್ ಮೋನ್‌ಗೆ ಎಚ್ಚರವಾಯಿತು. ನೆಲದ ಬಿದಿರು ಕಿರ್ ಕಿರ್ ಅನ್ನುತ್ತಿತ್ತು. ಕಂಬಳಿಯ ಸಂದಿಯಿಂದ ನೋಡಿದಳು.

ಅಪ್ಪ ಮಂಡಿಯೂರಿ, ಎರಡು ಕೈ ನೆಲಕ್ಕೆ ಊರಿ, ಅಂಬೆಗಾಲಿಡುತ್ತಾ ಒಲೆಯ ಕಡೆ ಹೋಗುತ್ತಿದ್ದರು.

ಅವಳು ನೋಡಿದ್ದು ಅಪ್ಪನಿಗೆ ಗೊತ್ತಾಯಿತು. ಇದ್ದಲ್ಲೇ ನಿಂತರು. ಆಮೇಲೆ ಮುಖ ಎತ್ತಿ ಬೆಕ್ಕಿನ ಹಾಗೆ "ಮಿಯಾಂವ್" ಅಂದರು.

"ನೀವು ಸಣ್ಣವರಿದ್ದಾಗ ಹೀಗೇ ಹೋಗ್ತಿದ್ರಾ?" ಯಿನ್ ಮೋನ್ ಕೇಳಿದಳು.

"ಇದಕ್ಕಿಂತ ಜೋರಾಗಿ" ಅಂದರು ಅಪ್ಪ. "ಹೋಗು, ಅಮ್ಮನ್ನ ಎಬ್ಬಿಸ್ಬೇಡ. ಟೀ ನಾನೇ ಮಾಡ್ತೀನಿ."

ಆ ದಿನ ಅಮ್ಮ ಕಟ್ಟಿಕೊಟ್ಟ ಮೀನನ್ನವನ್ನು ಯಿನ್ ಮೋನ್ ಅರ್ಧ ತಿಂದು ಅರ್ಧ ಬಿಟ್ಟಳು. ಥೂರ ಉಳಿದದ್ದನ್ನು ಕೇಳಿದಾಗ ಜಗಳವಾಡದೆ ಕೊಟ್ಟುಬಿಟ್ಟಳು. ಥೂರನಿಗೇ ಹೆದರಿಕೆಯಾಯಿತು.

"ಏನೇ, ಜ್ವರಾನಾ?"

*

ಮೂರನೆಯ ಸಲ ಹೋದಾಗ ಕ್ಲಿನಿಕ್ ತುಂಬಾ ಜನ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೈಗೆ ಪಟ್ಟಿ ಕಟ್ಟಿದ ಅಜ್ಜಿಯರು, ಸೊಂಟ ಹಿಡಿದುಕೊಂಡ ತಾತಂದಿರು.

ಸಯಾಮ ಥಿರಿ ಹಿಮ್ಮಡಿ ನೋಡಿ ಕುರ್ಚಿಯಲ್ಲಿ ಕುಸಿದು ಕೂತರು. ಅವರ ಮುಖ ಸಣ್ಣದಾಗಿತ್ತು. "ನಾನೇ ಏನೋ ತಪ್ಪು ಹೇಳಿಕೊಟ್ಟಿರ್ಬೇಕು. ನಡೆಯಲ್ಲ, ಓಡಲ್ಲ, ನಿಲ್ಲಲ್ಲ, ಆದ್ರೂ ಹೆಚ್ಚಾಗ್ತಿದೆ. ಮಾಂಡಲೆಗೆ ಫೋನ್ ಮಾಡಿ ನಮ್ಮ ದೊಡ್ಡ ಸಯಾಮ ಅವರನ್ನೇ ಕೇಳ್ತೀನಿ."

ಯಿನ್ ಮೋನ್ ಸ್ಟೂಲಿನಿಂದ ಎದ್ದಳು. ಗೋಡೆಯ ಹತ್ತಿರ ಹೋದಳು. ಕ್ಯಾಲೆಂಡರ್ ಮನುಷ್ಯನ ಹಿಮ್ಮಡಿಯ ಮೇಲೆ ಬೆರಳಿಟ್ಟಳು.

"ನಮ್ಮಪ್ಪ ದಿನಾ ಹೀಗೆ ಮಾಡ್ತಾರೆ" ಅಂದಳು. "ನನ್ನನ್ನ ಶಾಲೆಗೆ ಬಿಡುವಾಗ. ತೋಟಕ್ಕೆ ಹೋಗುವಾಗ. ಸಂಜೆ ರೇಸ್ ಪ್ರಾಕ್ಟೀಸಲ್ಲಿ."

ಸಯಾಮ ಕ್ಯಾಲೆಂಡರ್ ನೋಡಿದರು. ಯಿನ್ ಮೋನ್‌ಳನ್ನು ನೋಡಿದರು. ಅಪ್ಪನನ್ನು ನೋಡಿದರು.

"ನಿಮ್ಮ ದೋಣಿಗೆ ಮೋಟಾರ್ ಇಲ್ವಾ?"

"ಇದೆ" ಅಂದರು ಅಪ್ಪ. "ಆದ್ರೆ ಹೆಂಡತಿ ತವರಿಗೆ ಹೋಗುವಾಗ ಮಾತ್ರ. ಡೀಸೆಲ್ ರೇಟ್ ಗೊತ್ತಲ್ಲ."

"ಕಾಲಿಗೆ ಕೆಲಸ ಇಲ್ಲ ಅಂದ್ರಿ!"

"ಅದು ಕಾಲಿನ ಕೆಲಸ ಅಂತ ಯಾರಂದ್ರು, ಸಯಾಮ? ಅದು ದೋಣಿ ಕೆಲಸ."

ಸಯಾಮ ಹಣೆ ಹಣೆ ಚಚ್ಚಿಕೊಂಡರು. "ಬಸ್ಸಿನ ಮೇಲೆ ಇದೇ ಚಿತ್ರ. ಟೀ ಅಂಗಡಿಯಲ್ಲಿ ಇದೇ ಚಿತ್ರ. ನನ್ನ ತಲೆ ಹಿಂದೇನೂ ಇದೇ ಚಿತ್ರ. ನಾನು ಫುಟ್‌ಬಾಲ್ ಆಡ್ತೀರಾ ಅಂತ ಕೇಳ್ತಿದ್ದೀನಿ!"

ಆಮೇಲೆ ಅವರು ಮೂಲೆಯಲ್ಲಿದ್ದ ಊರುಗೋಲು ತಂದು ಅಪ್ಪನ ಕೈಗೆ ಕೊಟ್ಟರು. "ಮಾಡಿ ತೋರ್ಸಿ. ಮೆಲ್ಲಗೆ, ಒಂದೆರಡು ಸಲ ಸಾಕು."

ಅಪ್ಪ ಲುಂಗಿ ಎತ್ತಿ ಕಟ್ಟಿದರು. ಎಡಗಾಲ ಮೇಲೆ ನಿಂತು ಬಲಗಾಲನ್ನು ಊರುಗೋಲಿಗೆ ಸುತ್ತಿದರು. ಸಿಮೆಂಟಿನ ನೆಲದ ಮೇಲೆ ಇಲ್ಲದ ದೋಣಿಯಲ್ಲಿ ಇಲ್ಲದ ನೀರನ್ನು ತಳ್ಳಿದರು. ಸಯಾಮ ನೆಲದ ಮೇಲೆ ಕೂತು ಹಿಮ್ಮಡಿಯನ್ನೇ ನೋಡಿದರು.

ಬಾಗಿಲ ಬಳಿಯ ಅಜ್ಜಿಯರೆಲ್ಲ ಇಣುಕಿದರು. "ಹೈ! ಹೈ!" ಅಂತ ಒಬ್ಬರು ಕೂಗಿದರು. "ಎಲ್ಲಿಗಪ್ಪಾ ದೋಣಿ? ನಮ್ಮನ್ನೂ ಹತ್ತಿಸ್ಕೋ!" ಅಂದರು ಇನ್ನೊಬ್ಬರು. ಸೊಂಟ ಹಿಡಿದುಕೊಂಡಿದ್ದ ತಾತ ಸೊಂಟ ಬಿಟ್ಟು ಚಪ್ಪಾಳೆ ತಟ್ಟಿದರು.

ಎಲ್ಲರ ನಗು ನಿಂತ ಮೇಲೆ ಸಯಾಮ ಮೆಲ್ಲಗೆ ಹೇಳಿದರು. "ಹುಟ್ಟು ಹಾಕೋದು ಬಿಡಿ ಅನ್ನಲ್ಲ. ಬಿಟ್ರೆ ಹಗ್ಗ ಸೊರಗುತ್ತೆ. ಸದ್ಯಕ್ಕೆ ಕೂತು, ಕೈಯಲ್ಲಿ ಹುಟ್ಟು ಹಾಕಿ. ಏಣಿ ಎಕ್ಸರ್‌ಸೈಜ್ ಇರಲಿ. ಕಾಲು ತಾಳಿದ್ರೆ ಬೆನ್ನಿಗೆ ಸ್ವಲ್ಪ ಭಾರ ಕಟ್ಕೊಂಡು ಮಾಡಿ. ಆಮೇಲೆ ಸ್ವಲ್ಪ ಹೊತ್ತು ನಿಲ್ಲಿ, ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. ಎಷ್ಟು ಹೊತ್ತು ಅಂತ ನನ್ನನ್ನ ಕೇಳ್ಬೇಡಿ. ಬೆಳಗ್ಗೆ ಎದ್ದಾಗ ಹಿಮ್ಮಡೀನೇ ಕೇಳಿ."

"ರೇಸ್?" ಅಪ್ಪ ಕೇಳಿದರು.

"ಈ ವರ್ಷ ಬೇಡ."

ಅಪ್ಪ ಊರುಗೋಲನ್ನು ಮೂಲೆಯಲ್ಲಿ ಒರಗಿಸಿಟ್ಟರು. ಅದು ಜಾರದ ಹಾಗೆ ಎರಡು ಸಲ ಸರಿಮಾಡಿದರು.

ವಾಪಸ್ ಬರುವಾಗ ತಲೆಗಿಷ್ಟು ಅಂತ ಹತ್ತಿಸಿಕೊಳ್ಳುವ ಬಾಡಿಗೆ ಮೋಟಾರ್ ದೋಣಿಯ ಸದ್ದಿಗೆ ಮಾತಾಡುವುದೇ ಕಷ್ಟ. ಯಿನ್ ಮೋನ್‌ಗೆ ಅದೇ ಒಳ್ಳೆಯದಾಯಿತು. ಆದರೆ ಕಾಲುವೆಯ ತಿರುವಿನಲ್ಲಿ ದೋಣಿಯವನು ಇಂಜಿನ್ ಆಫ್ ಮಾಡಿದ. ಒಮ್ಮೆಲೇ ಎಲ್ಲ ನಿಶ್ಶಬ್ದ.

"ಯಾವಾಗ ಗೊತ್ತಾಯ್ತು ನಿನಗೆ?" ಅಪ್ಪ ಕೇಳಿದರು.

ಸುಳ್ಳು ಹೇಳಬಹುದಿತ್ತು. "ಹೋದ ಸಲವೇ" ಅಂದಳು. "ಹೇಳಲಿಲ್ಲ. ನೀವು ರೇಸಲ್ಲಿ ಇರ್ತೀರಿ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೆ." ಅವಳ ಕೆನ್ನೆಗೆ ಹಚ್ಚಿದ್ದ ಥನಖಾ ಮರದ ಗಂಧದ ಮೇಲೆ ಒಂದು ಒದ್ದೆ ಗೆರೆ ಮೂಡಿತು.

ಅಪ್ಪ ಸ್ವಲ್ಪ ಹೊತ್ತು ನೀರಲ್ಲಿ ಕೈ ಆಡಿಸುತ್ತಾ ಕೂತರು.

"ನಾನು ಕೂತ ಕುರ್ಚಿ ಎಲ್ಲಿತ್ತು ಹೇಳು?" ಅಂದರು.

"ಸಯಾಮ ಅವರ ಎದುರಿಗೆ."

"ಸಯಾಮ ಅವರ ಹಿಂದೆ ಏನಿತ್ತು?"

ಯಿನ್ ಮೋನ್ ಅಪ್ಪನ ಮುಖ ನೋಡಿದಳು. ಅಪ್ಪ ಥೇಟ್ ಥೂರನ ಹಾಗೆ ಕಾಣುತ್ತಿದ್ದರು, ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದ ದಿನದ ಥೂರನ ಹಾಗೆ.

"ನಿಮಗೂ ಗೊತ್ತಿತ್ತಾ?"

"ಅಮ್ಮನಿಗೆ ಹೇಳ್ಬೇಡ" ಅಂದರು ಅಪ್ಪ.

*

ಊ ಟುನ್ ಆ ಸಂಜೆಯೇ ಬಂದರು. ಎಲ್ಲ ಕೇಳಿ, ಬಾಯಿಯ ಚುಟ್ಟಾ ತೆಗೆದು, ಏಣಿಯನ್ನೊಮ್ಮೆ, ಹಿಮ್ಮಡಿಯನ್ನೊಮ್ಮೆ ನೋಡಿದರು. ಯಿನ್ ಮೋನ್ ಅಮ್ಮನ ಬೆನ್ನ ಹಿಂದೆ ಅಡಗಿದ್ದಳು.

"ನಿನ್ನ ಬಾಯಿಗೇನೂ ಊತ ಇಲ್ವಲ್ಲ?" ಅಂದರು ಕೊನೆಗೆ.

"ಇಲ್ಲ, ಊ ಟುನ್."

"ಮತ್ತೆ? ಹಿಂದಿನ ತುದಿಗೆ ನನ್ನ ಕಿರಿ ಮಗನ್ನ ನಿಲ್ಲಿಸ್ತೀನಿ. ನೀನು ದೋಣಿ ನಡುವೆ ಕೂತು ತಾಳ ಹಾಕು. ಕೂಗು. ಆ ಹುಡುಗನಿಗೆ ಹೇಗೆ ತಿರುಗಿಸ್ಬೇಕು ಅಂತ ಹೇಳಿಕೊಡು. ಅವನು ಎತ್ತಿನ ಹಾಗೆ ತಳ್ತಾನೆ, ತಿರುಗಿಸೋಕೆ ಬರಲ್ಲ."

ಮಾರನೆಯ ದಿನ ಅಪ್ಪ ದೋಣಿಯಲ್ಲಿ ಕೂತರು. ಕೂತ ಅಪ್ಪ ಸಣ್ಣಗೆ ಕಾಣುತ್ತಿದ್ದರು. ದೋಣಿಯೂ ನಿಧಾನ. ಯಿನ್ ಮೋನ್ ಸ್ವಲ್ಪ ದೂರ ಸುಮ್ಮನೆ ನೋಡಿದಳು. ಆಮೇಲೆ ಅಮ್ಮನ ಚಿಕ್ಕ ಹುಟ್ಟು ಎತ್ತಿಕೊಂಡು ಮುಂದೆ ಹೋಗಿ ಕೂತಳು.

ಶಾಲೆಯ ಕಟ್ಟೆಯ ಮೇಲೆ ಥೂರ ಕಾಯುತ್ತಲೇ ಇದ್ದ. "ನೋಡ್ರೋ! ಇಬ್ಬರು ಅಮ್ಮಂದಿರು ಸಂತೆಗೆ ಹೊರಟಿದ್ದಾರೆ!"

ಎಲ್ಲರೂ ನಕ್ಕರು. ಕೂತು ಹುಟ್ಟು ಹಾಕುವುದು ಆ ಕೆರೆಯಲ್ಲಿ ಹೆಂಗಸರ ರೀತಿ. ಯಿನ್ ಮೋನ್‌ಗೆ ಮುಖ ಬಿಸಿಯಾಯಿತು. ಹಿಂದೆ ತಿರುಗಿ ನೋಡಿದಳು. ಅಪ್ಪ ಎರಡೂ ಕೈಯೆತ್ತಿ ಹೆಂಗಸರ ಧ್ವನಿಯಲ್ಲಿ ಕೂಗಿದರು: "ತೋಫು ಬೇಕಾ, ತೋಫೂ! ಬಿಸಿ ಬಿಸಿ ತೋಫೂ!"

ಅವಳು ನಕ್ಕುಬಿಟ್ಟಳು. ಬುತ್ತಿ ಎತ್ತಿ ಹಿಡಿದು, "ಥೂರನಿಗೆ ಮಾತ್ರ ಇಲ್ಲ!" ಅಂತ ತಾನೂ ಕೂಗಿದಳು.

ರೇಸ್ ದಿನ ಕೆರೆ ತುಂಬ ದೋಣಿಗಳು. ಯಿನ್ ಮೋನ್ ಅಮ್ಮನ ಜೊತೆ ನಿಂತು, ತಮ್ಮೂರ ದೋಣಿ ಬಂದ ಕೂಡಲೇ ಅಭ್ಯಾಸದಂತೆ ಹಿಂದಿನ ತುದಿ ನೋಡಿದಳು. ಅಲ್ಲಿ ಥೂರನ ಚಿಕ್ಕಪ್ಪ ಇದ್ದರು. ನಿಂತ ಕಾಲುಗಳ ಸಾಲಿನ ನಡುವೆ ಹುಡುಕಿದ ಮೇಲೆ ಅಪ್ಪ ಕಂಡರು. ತಾಳ ಬಡಿಯುತ್ತಾ, ಬಾಯಿ ದೊಡ್ಡದು ಮಾಡಿ ಕೂಗುತ್ತಿದ್ದರು. ತಿರುವು ಹತ್ತಿರವಾದಾಗ ಅವರ ತಾಳ ಇದ್ದಕ್ಕಿದ್ದಂತೆ ನಿಧಾನವಾಯಿತು. ಏಣಿಯ ಮೇಲಿನ ಮಗ್ಗಿಯಷ್ಟೇ ನಿಧಾನ. ದೋಣಿ ಬೆಣ್ಣೆಯಲ್ಲಿ ಚಾಕು ತಿರುಗಿದ ಹಾಗೆ ತಿರುಗಿತು.

ಅವರು ಗೆಲ್ಲಲಿಲ್ಲ. ಎರಡನೆಯವರಾದರು. "ನಿಮ್ಮಪ್ಪ ನಿಂತಿದ್ರೆ ಫಸ್ಟ್ ಬರ್ತಿತ್ತು" ಅಂದ ಥೂರ. ಯಾರಿಗೂ ಹೇಳಬೇಡ ಅಂತಲೂ ಸೇರಿಸಿದ.

*

ಮಳೆ ನಿಂತಿತು. ಕೆರೆಯ ನೀರು ಇಳಿದು ಏಣಿಯ ಕೆಳಗಿನ ಮೆಟ್ಟಿಲುಗಳು ಹೊರಬಂದವು. ಅಪ್ಪ ಬೆನ್ನಿಗೆ ಟೊಮೆಟೊ ಚೀಲ ಕಟ್ಟಿಕೊಂಡು ಏರಿ ಇಳಿಯುತ್ತಿದ್ದರು. ಏಳರ ಮಗ್ಗಿ ಮುಗಿದು, ಎಂಟು ಮುಗಿದು, ಹನ್ನೆರಡರದು ನಡೆಯುತ್ತಿತ್ತು. ಒಂದು ದಿನ ಚೀಲ ಹರಿದು ಟೊಮೆಟೊಗಳು ಕೆರೆಗೆ ಬಿದ್ದವು. ಅಮ್ಮ ಬೈಯುತ್ತಾ, ಯಿನ್ ಮೋನ್ ನಗುತ್ತಾ ಎಲ್ಲವನ್ನೂ ಆರಿಸಿದರು.

ಶಾಲೆಯ ದಾರಿಯಲ್ಲಿ ಅಪ್ಪ ಮೊದಲು ಅಂಚೆ ಕಚೇರಿಯವರೆಗೆ ಮಾತ್ರ ನಿಂತು ಹುಟ್ಟು ಹಾಕುತ್ತಿದ್ದರು. ಆಮೇಲೆ ಪಗೋಡದವರೆಗೆ. ಕಾಲು ಬೇಡ ಅಂದ ದಿನ ಮತ್ತೆ ಕೂತರು. ಆ ದಿನಗಳಲ್ಲಿ ಯಿನ್ ಮೋನ್ ಏನೂ ಕೇಳದೆ ಚಿಕ್ಕ ಹುಟ್ಟು ಎತ್ತಿಕೊಳ್ಳುತ್ತಿದ್ದಳು. ಅವಳ ತೋಳು ಗಟ್ಟಿಯಾಗಿತ್ತು.

ಚಳಿ ಶುರುವಾದ ಮೇಲೆ ಒಂದು ಬೆಳಗ್ಗೆ ಯಿನ್ ಮೋನ್‌ಗೆ ತಡವಾಗಿ ಎಚ್ಚರವಾಯಿತು. ಕಿಟಕಿಯಲ್ಲಿ ಬಿಳಿ ಮಂಜು. ಯಾಕೆ ತಡವಾಯಿತು ಅಂತ ಅವಳಿಗೆ ತಿಳಿಯಲಿಲ್ಲ.

ಅಪ್ಪ ಚಾಪೆ ಮಡಚುತ್ತಿದ್ದರು. ಎದ್ದರು. ಆಕಳಿಸಿದರು. ತಲೆ ಕೆರೆದುಕೊಳ್ಳುತ್ತಾ ಒಲೆಯ ಕಡೆ ನಡೆದರು. ಕಂಬದ ಪಕ್ಕದಲ್ಲೇ ಹೋದರು. ಎರಡೂ ಕೈ ತಲೆಯ ಮೇಲಿದ್ದವು.

ಯಿನ್ ಮೋನ್ ಉಸಿರು ಹಿಡಿದು "ಆಯ್"ಗಾಗಿ ಕಾದಳು.

"ಬೆಂಕಿಪೆಟ್ಟಿಗೆ ಎಲ್ಲಿಟ್ಟಿದ್ದೀಯೇ?" ಅಂತ ಅಪ್ಪ ಅಮ್ಮನನ್ನು ಕೇಳಿದರು. ಬೇರೇನೂ ಅನ್ನಲಿಲ್ಲ. ತಾನು ಕಂಬ ಹಿಡಿಯಲಿಲ್ಲ ಅನ್ನುವುದು ಅಪ್ಪನಿಗೇ ಗೊತ್ತಾಗಿರಲಿಲ್ಲ.

ಅವಳು ಹೇಳಬಹುದಿತ್ತು. ಹೇಳಲಿಲ್ಲ. ಈ ಸಲ ಹೇಳದೆ ಇರುವುದು ಹಗುರವಾಗಿತ್ತು.

ಒಲೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಯಿನ್ ಮೋನ್ ಮೆಲ್ಲಗೆ ಎದ್ದು ಹೋಗಿ, ಕಂಬದ ಮೇಲೆ ಅಪ್ಪನ ಕೈ ಮಾಡಿದ ಆ ನುಣ್ಣನೆಯ ಜಾಗಕ್ಕೆ ತನ್ನ ಅಂಗೈ ಒತ್ತಿದಳು. ತಣ್ಣಗಿತ್ತು.